ಓದುಗರ ಪ್ರಶ್ನೆ: ಹೊಗೆಸೊಪ್ಪಿನ ವೈರಸ್ಸೂ ಫೇಜೂ

ಪ್ರಶ್ನೆ: ನಮ್ಮ ಹೊಗೆಸೊಪ್ಪಿಗೆ ಮೊಸಾಯಿಕ್ ರೋಗ ಬಿದ್ದಿದೆ. ಇದೇ ವೈರಸ್ಸಿನಲ್ಲಿ ಕ್ಯಾನ್ಸರ್ ಔಷಧಿ ತುಂಬುತ್ತಾರಂತೆ. ರೋಗದ ಎಲೆಗೆ ಬೆಲೆ ಸಿಕ್ಕೀತೇ?
– ಓದುಗರು, ಹುಣಸೂರು

ಉತ್ತರ: ತುಂಬುವುದು ನಿಜ, ಆದರೆ ಇನ್ನೂ ಪ್ರಯೋಗಾಲಯದ ಹಂತದಲ್ಲಿದೆ. ಈ ವೈರಸ್ 300 ನ್ಯಾನೋಮೀಟರ್ ಉದ್ದ, 18 ದಪ್ಪದ ಕೊಳವೆ. 2,130 ಪ್ರೋಟೀನ್ ತುಣುಕುಗಳು ಸುತ್ತಿಕೊಂಡು ಆಗಿದ್ದು, ನಡುವೆ 4 ನ್ಯಾನೋಮೀಟರ್ ತೂತು. ತೂತಿನ ಒಳಗೋಡೆಗೆ ಋಣ ವಿದ್ಯುದಂಶವಿದೆ. ಹಾಗಾಗಿ ಧನ ವಿದ್ಯುದಂಶದ ಫೆನಾಂತ್ರಿಪ್ಲಾಟಿನ್‌ನಂಥ ಔಷಧಿ ತಾನಾಗೇ ಒಳಸೇರುತ್ತದೆ. ಎಲೆಗೆ ಬೆಲೆ ಬರುವುದಿಲ್ಲ. ಹೊಲದ ಎಲೆಯಲ್ಲಿ ಇನ್ನೂ ಯಾವ್ಯಾವ ವೈರಸ್ ಬೆರೆತಿವೆಯೋ; ಲ್ಯಾಬಿನವರು ಗಾಜಿನ ಮನೆಯಲ್ಲಿ ಗಿಡ ಬೆಳೆಸಿ, ಗೊತ್ತಿರುವ ತಳಿಯನ್ನೇ ಹಚ್ಚುತ್ತಾರೆ. ನೀವು ರೋಗದ ಗಿಡ ಕಿತ್ತುಹಾಕಿ, ಸೋಪಿನಲ್ಲಿ ಕೈ ತೊಳೆದು ಮುಂದಿನ ಸಾಲಿಗೆ ಹೋಗಿ. ಇದು ಕೈಯಿಂದಲೇ ಹರಡುತ್ತದೆ, ಬೀಡಿ ಹಿಡಿದ ಕೈಯಿಂದಲೂ.

ಪ್ರಶ್ನೆ: ಪ್ರಾಜೆಕ್ಟಿಗೆ ಎಂ13 ಫೇಜ್ (ಬ್ಯಾಕ್ಟೀರಿಯಾಕ್ಕೆ ಸೋಂಕು ತರುವ ವೈರಸ್) ಬೆಳೆಸುತ್ತಿದ್ದೇನೆ. ಫೇಜ್ ಬರುವುದೇ ಕಮ್ಮಿ, ಬಂದದ್ದಕ್ಕೆ ಎನ್‌ಎಚ್‌ಎಸ್ ಎಸ್ಟರ್ ಬಣ್ಣ ಅಂಟುತ್ತಿಲ್ಲ. ಟ್ರಿಸ್ ಬಫರ್ (ಪಿಎಚ್ ಕಾಯುವ ದ್ರಾವಣ) ಬಳಸುತ್ತೇನೆ.
– ಎಂ.ಎಸ್‌ಸಿ. ವಿದ್ಯಾರ್ಥಿನಿ, ಮಂಡ್ಯ

ಉತ್ತರ: ಬಣ್ಣವನ್ನು ತಿನ್ನುತ್ತಿರುವುದು ಟ್ರಿಸ್. ಎನ್‌ಎಚ್‌ಎಸ್ ಎಸ್ಟರ್ ಹುಡುಕುವುದು ಅಮೈನ್ ಗುಂಪನ್ನು. ಟ್ರಿಸ್‌ನಲ್ಲೂ ಅದೇ ಗುಂಪಿದೆ, ಫೇಜ್‌ಗಿಂತ ಎಷ್ಟೋ ಪಟ್ಟು ಹೆಚ್ಚು. ಫಾಸ್ಫೇಟ್ ಬಫರಿಗೆ ಡಯಾಲಿಸಿಸ್ ಮಾಡಿ (ಪೊರೆಯ ಚೀಲದಲ್ಲಿಟ್ಟು ಬಫರ್ ಬದಲಿಸಿ), ಪಿಎಚ್ 7.5ರಿಂದ 8 ಇರಲಿ. ಬಣ್ಣವನ್ನು ನೀರಿನಂಶವಿಲ್ಲದ ದ್ರಾವಕ ಡಿಎಂಎಸ್‌ಓದಲ್ಲಿ ಆಗಿಂದಾಗ್ಗೆ ಕಲಸಿ. ನಿನ್ನೆ ನೀರಲ್ಲಿ ಕಲಸಿಟ್ಟದ್ದು ಸತ್ತ ಬಣ್ಣ.

ಇಳುವರಿಗೆ ಮೊದಲು ಇ. ಕೋಲಿ ತಳಿ ನೋಡಿ. ಎಂ13 ಒಳಹೊಗುವುದು ಎಫ್ ಪೈಲಸ್ (ಬ್ಯಾಕ್ಟೀರಿಯಾದ ಮೈಮೇಲಿನ ಕೂದಲಿನಂಥ ಎಳೆ) ಹಿಡಿದು. ಆ ಎಳೆ ಬೆಳೆಸುವ ಡಿಎನ್‌ಎ ಉಂಗುರವಾದ ಎಫ್ ಪ್ಲಾಸ್ಮಿಡ್ ಕಳಚಿದ್ದರೆ ಸೋಂಕೇ ಇಲ್ಲ. ತಳಿ ಇಆರ್2738 ಆದರೆ ಟೆಟ್ರಾಸೈಕ್ಲಿನ್ (ಆಂಟಿಬಯಾಟಿಕ್) ತಟ್ಟೆಯಿಂದಲೇ ಒಂದು ಕಾಲೊನಿ ಎತ್ತಿಕೊಳ್ಳಿ; ಎಫ್ ಇರುವುದಷ್ಟೇ ಅದರಲ್ಲಿ ಬದುಕುತ್ತದೆ. 37 ಡಿಗ್ರಿಯಲ್ಲಿ ನಾಲ್ಕೂವರೆ ಗಂಟೆ ಕುಲುಕಿದರೆ ಸಾಕು, ತೀರಾ ಹೆಚ್ಚು ಬಿಡಬೇಡಿ. ಸೆಂಟ್ರಿಫ್ಯೂಜ್ ಆದ ಮೇಲೆ ಮೇಲಿನ ದ್ರವದಲ್ಲಿ ನೂರಕ್ಕೆ 80 ಭಾಗ ಮಾತ್ರ ತೆಗೆಯಿರಿ. ಆಸೆಗೆ ಬಿದ್ದು ತಳದವರೆಗೆ ಎಳೆದರೆ ಬ್ಯಾಕ್ಟೀರಿಯಾ ಬರುತ್ತದೆ. ತೆಗೆದ ದ್ರವಕ್ಕೆ ಅದರ ಆರನೇ ಒಂದು ಪಾಲು, ಫೇಜನ್ನು ಗಟ್ಟಿಕಟ್ಟಿಸುವ ಪಿಇಜಿ (ಪಾಲಿಎಥಿಲೀನ್ ಗ್ಲೈಕಾಲ್)-ಉಪ್ಪಿನ ದ್ರಾವಣ ಸೇರಿಸಿ (ಪಿಇಜಿ 8000 ನೂರಕ್ಕೆ 20, ಉಪ್ಪು 2.5 ಮೋಲಾರ್), ರಾತ್ರಿಯಿಡೀ 4 ಡಿಗ್ರಿಯಲ್ಲಿ ಇಡಿ. ಬೆಳಿಗ್ಗೆ 12,000 ಜಿಯಲ್ಲಿ (ಗುರುತ್ವದ 12,000 ಪಟ್ಟು ಬಲದಲ್ಲಿ) 15 ನಿಮಿಷ ತಿರುಗಿಸಿ. ತಳದಲ್ಲಿ ಉಂಡೆ ಹುಡುಕಬೇಡಿ: ಟ್ಯೂಬಿನ ಹೊರಬದಿಯ ಗೋಡೆಗೆ ಸುಣ್ಣ ಸವರಿದಂಥ ತೆಳು ಬಿಳಿ ಪಟ್ಟೆ ಇರುತ್ತದೆ, ಅದೇ ಫೇಜ್. ಎಷ್ಟೋ ಜನ ಕಾಣದೆ ಅದನ್ನೇ ಚೆಲ್ಲುತ್ತಾರೆ. ತಿರುಗಿಸುವ ಮುಂಚೆ ಹೊರಬದಿಗೆ ಮಾರ್ಕರ್ ಗೆರೆ ಹಾಕಿ.

ಬಣ್ಣ ಹಾಕಿದ ಮೇಲೆ, ಅಂಟದೆ ಉಳಿದದ್ದನ್ನು ತೆಗೆಯಲು ಮತ್ತೊಮ್ಮೆ ಪಿಇಜಿ. ಮೇಲಿನ ನೀರು ಬಣ್ಣ ಬಿಡುತ್ತಿದ್ದರೆ ಇನ್ನೊಮ್ಮೆ.