ಅಮ್ಮ, ಮಗಳ ಜೊತೆ ಎರಡು ರಾತ್ರಿ ಟೆಂಟ್ ವಾಸ: ಮುತ್ತೋಡಿ, ಹೊನ್ನೆಮರಡು, ಗಾಳಿಬೋರೆಯಲ್ಲಿ ಯಾವುದು?

ಡಿಸೆಂಬರ್‌ನಲ್ಲಿ ಬೆಂಗಳೂರಿನಿಂದ ಹೊರಟು ಎರಡು ರಾತ್ರಿ ಟೆಂಟ್‌ನಲ್ಲಿ ಇರಬೇಕು, ಜೊತೆಗೆ ಮಂಡಿನೋವಿನ ಅಮ್ಮ ಮತ್ತು ಎಂಟು ವರ್ಷದ ಮಗಳು ಇರುತ್ತಾರೆ, ಈ ಮೂರರಲ್ಲಿ ಎಲ್ಲಿಗೆ ಹೋಗಲಿ ಎಂದು ಕೇಳಿದ್ದೀರಿ. ಗಾಳಿಬೋರೆಗೆ ಹೋಗಿ.

ಅಮ್ಮ ಬರುತ್ತಾರೆ ಅಂದಮೇಲೆ ನಾನು ನೋಡುವುದು ಒಂದೇ ವಿಷಯ: ಟೆಂಟಿನ ಮುಂದೆ ಕುರ್ಚಿ ಹಾಕಿಕೊಂಡು ಕೂತವರಿಗೆ ಏನು ಕಾಣುತ್ತದೆ? ಎಷ್ಟೋ ಕ್ಯಾಂಪುಗಳ ಫೋಟೊದಲ್ಲಿರುವ ಜಲಪಾತ, ಗುಡ್ಡದ ತುದಿ ಎಲ್ಲ ಜೀಪಿನಲ್ಲಿ ಒಂದು ಗಂಟೆ ದೂರದಲ್ಲಿರುತ್ತವೆ. ನೀವೆಲ್ಲ ಅಲ್ಲಿಗೆ ಹೋದರೆ ಅಮ್ಮ ಒಬ್ಬರೇ ಟೆಂಟ್ ಕಾಯುತ್ತಾ ಕೂರಬೇಕು. ಗಾಳಿಬೋರೆಯಲ್ಲಿ ಆ ತೊಂದರೆ ಇಲ್ಲ. ಕಾವೇರಿ ಎದುರಿಗೇ ಹರಿಯುತ್ತದೆ, ಆಚೆ ದಡದಲ್ಲಿ ಗುಡ್ಡಗಳಿವೆ.

ಇದು ರಾಜ್ಯ ಸರ್ಕಾರದ ಪ್ರವಾಸ ಸಂಸ್ಥೆ ಜಂಗಲ್ ಲಾಡ್ಜಸ್‌ನವರ ಕ್ಯಾಂಪು, ಕಾವೇರಿ ವನ್ಯಜೀವಿಧಾಮದ ಕಾಡಿನಲ್ಲಿದೆ. ಬೆಂಗಳೂರಿನಿಂದ ಕನಕಪುರ, ಸಂಗಮ ದಾಟಿ ಸುಮಾರು 100 ಕಿ.ಮೀ. ಕೊನೆಯ ತುಂಡು ಕಾಡಿನ ಕಚ್ಚಾ ರಸ್ತೆ. ಅಮ್ಮನನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ನಿಧಾನವಾಗಿ ಓಡಿಸಿ. ಟೆಂಟ್ ಅಂದರೆ ನೆಲದ ಮೇಲೆ ಚಾಪೆ ಹಾಸಿ ಮಲಗುವಂಥದ್ದಲ್ಲ. ಒಳಗೆ ಮಂಚವಿದೆ, ಹಿಂದೆಯೇ ಬಚ್ಚಲು ಇದೆ. ಮಂಡಿನೋವಿರುವವರಿಗೆ ಇದು ಸಣ್ಣ ಮಾತಲ್ಲ.

ಈಗ ಮಗಳ ವಿಷಯ. ದಡದ ಉದ್ದಕ್ಕೂ ನೀರಿನ ಮೇಲೆ ಬಾಗಿ ನಿಂತ, ಬಿಳಿಚಿದ ನುಣುಪು ತೊಗಟೆಯ ದೊಡ್ಡ ದೊಡ್ಡ ಮರಗಳಿವೆ, ತೊರೆಮತ್ತಿ. ಅವುಗಳ ಕೊಂಬೆಗಳನ್ನು ಸಾವಕಾಶವಾಗಿ ನೋಡಿ. ಮಲೆನಾಡಿನ ಕೆಂದಳಿಲು ನೋಡಿರಬಹುದು. ಇಲ್ಲಿರುವುದು ಅದರ ಬೂದು ಬಣ್ಣದ ದಾಯಾದಿ. ಕರ್ನಾಟಕದಲ್ಲಿ ಇದು ಸಿಗುವುದು ಈ ಕಾವೇರಿ ದಡದ ಕಾಡಿನಲ್ಲಿ. ಹಿಂಗಾಲಿನಲ್ಲಿ ಕೊಂಬೆ ಹಿಡಿದು, ಬಾಲವನ್ನು ಆಚೆ ಬದಿಗೆ ಇಳಿಬಿಟ್ಟು, ಮುಂಗಾಲುಗಳಲ್ಲಿ ಕಾಯಿ ತಿರುಗಿಸುತ್ತಾ ತಿನ್ನುತ್ತದೆ. ನೀರಂಚಿನ ಬಂಡೆಗಳ ಮೇಲೆ ಮೀನಿನ ಪೊರೆ, ಸಣ್ಣ ಮುಳ್ಳು ತುಂಬಿದ ಹಿಕ್ಕೆ ಕಂಡರೆ ಅದು ನೀರುನಾಯಿಯದ್ದು. ಅದೇ ಬಂಡೆಯ ಮೇಲೆ ಕಣ್ಣಿಟ್ಟು ಬೆಳಗ್ಗೆ ಬೇಗ ಕೂತರೆ ಇಡೀ ಸಂಸಾರವೇ ಕಾಣಿಸಿದರೂ ಕಾಣಿಸಬಹುದು. ಎಂಟು ವರ್ಷದ ಮಗುವಿಗೆ ಸಫಾರಿ ಜೀಪಿಗಿಂತ ಇದು ಹೆಚ್ಚು ಹಿಡಿಸುತ್ತದೆ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಹುಡುಕಿದ್ದು ತಾನೇ ಅಲ್ಲವೇ!

ಕಾವೇರಿಯ ಈ ಭಾಗ ಹಿಂದೆ ಗಾಳ ಹಾಕುವವರಲ್ಲಿ ದೊಡ್ಡ ಹೆಸರು ಮಾಡಿತ್ತು. ಇಲ್ಲಿನ ಗೂನುಬೆನ್ನಿನ ಮಹಶೀರ್ ಮೀನು ಈಗ ಅಳಿವಿನಂಚಿಗೆ ಬಂದಿದೆ, ಗಾಳ ಹಾಕುವುದೂ ನಿಂತಿದೆ. ತೆಪ್ಪದಲ್ಲಿ ಹೋಗುವಾಗ ಹುಟ್ಟು ಹಾಕುವವರನ್ನು ಅದರ ಬಗ್ಗೆ ಕೇಳಿ, ಹೇಳುವವರಿಗೆ ಖುಷಿಯಾಗುತ್ತದೆ.

ಒಂದು ಮಾತನ್ನು ಮಾತ್ರ ದಯವಿಟ್ಟು ಮರೆಯಬೇಡಿ. ಮಗಳನ್ನು ನದಿಗೆ ಇಳಿಸಬೇಡಿ, ಮೊಣಕಾಲುದ್ದ ನೀರು ಕಂಡರೂ ಸರಿ. ಮೇಲೆ ಮರಳು ಕಾಣುತ್ತದೆ, ಎರಡು ಹೆಜ್ಜೆ ಮುಂದೆ ಬಂಡೆ ಕೊರೆದ ಗುಂಡಿ ಇರುತ್ತದೆ, ಸುಳಿ ಇರುತ್ತದೆ, ಮೊಸಳೆಗಳೂ ಇವೆ. ಮೇಲಿನ ಅಣೆಕಟ್ಟುಗಳಿಂದ ನೀರು ಬಿಟ್ಟರೆ ಇಲ್ಲಿ ಮಳೆಯೇ ಇಲ್ಲದೆ ಹೊಳೆ ಏರುತ್ತದೆ. ಸಂಗಮ, ಮೇಕೆದಾಟುವಿನಲ್ಲಿ ಈಜು ಬಲ್ಲ ಹುಡುಗರೇ ಮುಳುಗಿ ಸತ್ತಿದ್ದಾರೆ. ತೆಪ್ಪದಲ್ಲಿ ಲೈಫ್ ಜಾಕೆಟ್ಟಿನ ಪಟ್ಟಿ ಬಿಗಿಯಾಗಿದೆಯೇ ಎಂದು ನೀವೇ ಎಳೆದು ನೋಡಿ.

ಉಳಿದ ಎರಡೂ ಒಳ್ಳೆಯ ಜಾಗಗಳೇ. ಮುತ್ತೋಡಿ ಭದ್ರಾ ಹುಲಿ ಮೀಸಲು ಪ್ರದೇಶದಲ್ಲಿದೆ. ಪಕ್ಕದಲ್ಲಿ ಸೋಮವಾಹಿನಿ ಹರಿಯುತ್ತದೆ, ಕಾಡು ಗಾಳಿಬೋರೆಗಿಂತ ಎಷ್ಟೋ ದಟ್ಟ. ಆದರೆ ಚಿಕ್ಕಮಗಳೂರು ಮುಟ್ಟುವುದಕ್ಕೇ ಸುಮಾರು 250 ಕಿ.ಮೀ. ಆಗುತ್ತದೆ, ಮತ್ತೆ ಘಟ್ಟದ ತಿರುವುಗಳು. ಎರಡು ರಾತ್ರಿಗಾಗಿ ಅಮ್ಮನಿಗೆ ಅಷ್ಟು ಪ್ರಯಾಣ ಬೇಡ. ನಾಲ್ಕು ದಿನ ರಜೆ ಸಿಕ್ಕಾಗ ಹೋಗಿ, ಮಳೆಗಾಲ ಬಿಟ್ಟು. ಇಲ್ಲವಾದರೆ ಉಂಬಳದ ಕಾಟ. ಹೊನ್ನೆಮರಡು ಸಾಗರದ ಹತ್ತಿರ, ಶರಾವತಿಯ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನ ದಡ. ಡಿಸೆಂಬರ್‌ನಲ್ಲಿ ಸಾಮಾನ್ಯವಾಗಿ ನೀರು ಚೆನ್ನಾಗಿರುತ್ತದೆ. ಬೇಸಿಗೆ ಹತ್ತಿರವಾದಂತೆ ನೀರು ಇಳಿದು ಕೆಂಪು ಮಣ್ಣು, ಮುಳುಗಿದ ಮರಗಳ ಬೊಡ್ಡೆಗಳು ಮೇಲೇಳುತ್ತವೆ. ಹುಟ್ಟು ಹಾಕುವ, ಈಜುವ ಉತ್ಸಾಹದ ಮಕ್ಕಳಿಗೆ ಅದು ಸ್ವರ್ಗ. ಮಗಳಿಗೆ ಹನ್ನೆರಡು, ಹದಿಮೂರು ಆಗಲಿ.

ಇನ್ನು, ಕಡಿಮೆ ದುಡ್ಡಿಗೆ "ರಿವರ್ ಸೈಡ್ ಕ್ಯಾಂಪಿಂಗ್" ಎಂದು ಇನ್‌ಸ್ಟಾಗ್ರಾಂನಲ್ಲಿ ಬರುತ್ತದಲ್ಲ, ಅಂಥ ಕಡೆ ದುಡ್ಡು ಕಟ್ಟುವ ಮುಂಚೆ ಫೋನ್ ಮಾಡಿ ಮೂರು ಕೇಳಿ: ರಾತ್ರಿ ಸ್ಪೀಕರ್ ಹಾಕುತ್ತಾರೆಯೇ? ಶೌಚಾಲಯ ಟೆಂಟಿನಿಂದ ಎಷ್ಟು ಹೆಜ್ಜೆ? ಜಾಗ ಪಟ್ಟಾ ಜಮೀನೋ, ಅರಣ್ಯವೋ? ಕಾಡಿನಲ್ಲಿ ಅನುಮತಿ ಇಲ್ಲದೆ ಟೆಂಟ್ ಹಾಕಿದರೆ ಅಪರಾಧ. ಹಾಕಿದವರು ಜಾರಿಕೊಳ್ಳುತ್ತಾರೆ, ಸಿಕ್ಕಿಬೀಳುವುದು ನೀವು.

ಗಾಳಿಬೋರೆಗೂ ಶನಿವಾರ ಬೇಡ, ಸಂಗಮದವರೆಗೂ ವಾಹನ ಸಂದಣಿ. ಭಾನುವಾರ ಮಧ್ಯಾಹ್ನ ತಲುಪಿ ಮಂಗಳವಾರ ಹೊರಡಿ. ಸಾಧ್ಯವಾದರೆ ಅಮಾವಾಸ್ಯೆಯ ಆಸುಪಾಸು ನೋಡಿಕೊಳ್ಳಿ. ಬೆಂಗಳೂರಿನಲ್ಲಿ ಹುಟ್ಟಿದ ಮಗು ಅಷ್ಟು ನಕ್ಷತ್ರ ನೋಡಿರುವುದಿಲ್ಲ. ಬುಕ್ ಮಾಡುವಾಗಲೇ ಅಮ್ಮನ ಮಂಡಿನೋವಿನ ವಿಷಯ ಹೇಳಿ, ಊಟದ ಜಾಗಕ್ಕೆ ಹತ್ತಿರದ ಟೆಂಟ್ ಕೇಳಿ. ವರ್ಷದ ಕೊನೆಯ ವಾರ ಬೇಗ ತುಂಬುತ್ತದೆ, ಆದ್ದರಿಂದ ತಡಮಾಡಬೇಡಿ.