ಪದಪಟ್ಟಿ ಬಾಯಿಪಾಠ ಆದರೂ ವ್ಯಾಕರಣದಲ್ಲಿ ಅಂಕ ಬರ್ತಿಲ್ಲ ಅಂದವರಿಗೆ

ನೀವು ಆನ್‌ಲೈನ್‌ನಲ್ಲಿ ಪಾಠ ಹೇಳುವ ಚೀನಾದ ಹುಡುಗಿ ಗಾವೊಕಾವೊದ (ಚೀನಾದ ಕಾಲೇಜು ಪ್ರವೇಶ ಪರೀಕ್ಷೆ) ಇಂಗ್ಲಿಷ್ ಪದಪಟ್ಟಿ ಪೂರ್ತಿ ಉರು ಹೊಡೆದಿದ್ದಾಳೆ, ಆದರೂ ವ್ಯಾಕರಣದಲ್ಲಿ ಅಂಕ ಹೋಗುತ್ತಿದೆ ಅಂದಿರಲ್ಲ, ಅದು ಸಹಜವೇ. ಚೀನೀ ಭಾಷೆಯಲ್ಲಿ ಇಂಗ್ಲಿಷ್‌ನ ಹಾಗೆ ಕಾಲಕ್ಕೆ ತಕ್ಕಂತೆ ಕ್ರಿಯಾಪದದ ರೂಪ ಬದಲಾಗುವುದಿಲ್ಲ. ರಾಷ್ಟ್ರೀಯ ಹೊಸ ಮಾದರಿ ಪತ್ರಿಕೆಯಲ್ಲಿ ಒಂದು ಪ್ಯಾರಾದಲ್ಲಿ 10 ಜಾಗ ಖಾಲಿ ಇರುತ್ತವೆ, ಒಂದೊಂದಕ್ಕೆ 1.5 ಅಂಕ. ಖಾಲಿ ಜಾಗದ ಪಕ್ಕ 'ಡಿಸೈಡ್' ಅಂತ ಕೊಟ್ಟಿದ್ದರೆ 'ಡಿಸೈಡೆಡ್' ಬೇಕಾ, 'ಡಿಸಿಷನ್' ಬೇಕಾ ಅನ್ನುವುದು ವಾಕ್ಯ ನೋಡಿದರೇ ಗೊತ್ತಾಗುವುದು. ಸುಮ್ನೆ ಪಟ್ಟಿ ಓದಿದರೆ ಇದು ಬರಲ್ಲ. ಅವಳು ಓದಿ ಮುಗಿಸಿದ ಪ್ಯಾರಾದಲ್ಲೇ ಕೆಲವು ಪದ ಅಳಿಸಿ, ಮರುದಿನ ತುಂಬಿಸಿ. ಯಾಕೆ ಈ ರೂಪ ಅಂತ ಬಾಯಿಬಿಟ್ಟು ಹೇಳಿಸಿ. ಓದುವ ಅಭ್ಯಾಸವೂ ಆಗುತ್ತೆ. ಪತ್ರಿಕೆಯಲ್ಲಿ ಓದಿ ಅರ್ಥಮಾಡಿಕೊಳ್ಳುವ ಭಾಗಕ್ಕೇ 150ರಲ್ಲಿ 50 ಅಂಕ ಇದೆ ಅಲ್ವಾ! ಬೀಜಿಂಗ್, ಶಾಂಘೈ ಕಡೆಯವಳಾದರೆ ಪತ್ರಿಕೆಯೇ ಬೇರೆ, ಮೊದಲು ಕೇಳಿಕೊಳ್ಳಿ.