ನಾಲ್ಕು ಮನೆ, ಒಂದೇ ಪ್ರಸಂಗಸಂಗ್ರಹ

ಪ್ರಶ್ನೆ: ನಾವು ನಾಲ್ವರು ಸ್ನೇಹಿತರು ತಾಳಮದ್ದಲೆ ಪ್ರಸಂಗಗಳ ಹಳೆಯ ಹಸ್ತಪ್ರತಿಗಳನ್ನು ಟೈಪು ಮಾಡುತ್ತಿದ್ದೇವೆ. ಇಬ್ಬರ ಮನೆ ತೀರ್ಥಹಳ್ಳಿ ತಾಲ್ಲೂಕಿನಲ್ಲಿದೆ, ಒಬ್ಬರದು ಸಾಗರದಲ್ಲಿ, ಇನ್ನೊಬ್ಬರದು ಶಿವಮೊಗ್ಗದಲ್ಲಿ. ಎಲ್ಲರ ಬಳಿಯೂ ಡೆಬಿಯನ್ ಎಂಬ ಲಿನಕ್ಸ್ ಹಾಕಿದ ಲ್ಯಾಪ್‌ಟಾಪ್ ಇದೆ. ಪಠ್ಯವನ್ನು ಯಾವ ಕಂಪನಿಯ ಸರ್ವರ್‌ನಲ್ಲೂ ಇಡದೆ ನಮ್ಮನಮ್ಮಲ್ಲೇ ಹಂಚಿಕೊಳ್ಳಬಹುದೇ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಹಂಚಿಕೊಳ್ಳಬಹುದು. ನಿಮ್ಮ ಕೆಲಸಕ್ಕೆ ಸಿಂಕ್‌ಥಿಂಗ್ ಎಂಬ, ಹಲವು ಕಂಪ್ಯೂಟರುಗಳಲ್ಲಿನ ಫೋಲ್ಡರನ್ನು ಒಂದೇ ತೆರನಾಗಿ ಇಡುವ ಮುಕ್ತ ತಂತ್ರಾಂಶ ಸಾಕು. ಅದು ಡೆಬಿಯನ್‌ ಭಂಡಾರದಲ್ಲೇ ಇರುವುದರಿಂದ ತಂತ್ರಾಂಶ ಅಳವಡಿಸುವ ಆಪ್ಟ್ ಆದೇಶದ ಮೂಲಕ ಹಾಕಿಕೊಂಡು, ಹಿನ್ನೆಲೆಯ ಸೇವೆಗಳನ್ನು ನಡೆಸುವ ಸಿಸ್ಟಂಡಿಯಲ್ಲಿ ಬಳಕೆದಾರರ ಸೇವೆಯಾಗಿ ಚಾಲೂ ಮಾಡಿ. ಲಾಗ್‌ಔಟ್ ಆದ ಮೇಲೂ ಅದು ನಡೆಯುತ್ತಿರಬೇಕಾದರೆ ಆ ಬಳಕೆದಾರರಿಗೆ ಲಿಂಗರ್ ಸೌಲಭ್ಯವನ್ನೂ ಕೊಡಬೇಕು. ಉಳಿದ ಕೆಲಸವೆಲ್ಲ ಅದೇ ಕಂಪ್ಯೂಟರಿನ ಬ್ರೌಸರ್‌ನಲ್ಲಿ, 8384ನೇ ಪೋರ್ಟಿನಲ್ಲಿ (ವಿಳಾಸ: localhost:8384). ಪ್ರತಿ ಯಂತ್ರಕ್ಕೂ ಏಳೇಳು ಅಕ್ಷರಗಳ ಎಂಟು ಗುಂಪುಗಳ ಗುರುತು ಇರುತ್ತದೆ. ಅದನ್ನು ಪರಸ್ಪರ ಸೇರಿಸಿಕೊಂಡು ಇಬ್ಬರೂ ಒಪ್ಪಿದ ಮೇಲೆಯೇ ಫೋಲ್ಡರ್ ಹಂಚಿಕೆಯಾಗುತ್ತದೆ. ಯಂತ್ರಗಳು ಒಂದನ್ನೊಂದು ಹುಡುಕಿಕೊಳ್ಳಲು ಹೊರಗಿನ ಸರ್ವರ್‌ಗಳ ನೆರವು ಪಡೆಯುವುದುಂಟು. ನೇರ ಸಂಪರ್ಕ ಸಿಗದಿದ್ದರೆ ದತ್ತಾಂಶವೂ ರಿಲೇ ಎಂಬ ನಡುವಿನ ಸರ್ವರ್ ಮೂಲಕ ಸಾಗುತ್ತದೆ, ಆದರೆ ಗೂಢಲಿಪಿಯಲ್ಲಿರುವುದರಿಂದ ನಡುವಿನವರು ಓದಲಾರರು.

ನಿಮ್ಮ ನಿಜವಾದ ತೊಡಕು ಕರೆಂಟು. ಎರಡು ಯಂತ್ರಗಳು ಏಕಕಾಲಕ್ಕೆ ಚಾಲೂ ಇದ್ದರಷ್ಟೇ ವಿನಿಮಯ ನಡೆಯುತ್ತದೆ. ಆಷಾಢದ ಮಳೆಗೆ ಮರ ಬಿದ್ದು ತಂತಿ ಹರಿದ ದಿನಗಳಲ್ಲಿ ಒಬ್ಬರಿಗೆ ಬೆಳಿಗ್ಗೆ ಒಂದು ಗಂಟೆ, ಇನ್ನೊಬ್ಬರಿಗೆ ರಾತ್ರಿ ಒಂದು ಗಂಟೆ ಕರೆಂಟು ಸಿಕ್ಕರೆ ಇಬ್ಬರ ಪ್ರತಿಗಳೂ ಸಂಧಿಸುವುದೇ ಇಲ್ಲ. ಆದ್ದರಿಂದ ಶಿವಮೊಗ್ಗದ ಯಂತ್ರವನ್ನು ಯುಪಿಎಸ್‌ಗೆ ಜೋಡಿಸಿ ಹಗಲಿರುಳೂ ನಡೆಸಿ, ಬೆಳಗಿನವರು ಕೊಟ್ಟದ್ದನ್ನು ಅದೇ ರಾತ್ರಿಯವರಿಗೆ ದಾಟಿಸಲಿ. ಅದು ಕೆಟ್ಟರೂ, ಅಲ್ಲಿಯವರೆಗೆ ಹಂಚಿಕೆಯಾದದ್ದೆಲ್ಲ ಉಳಿದ ಮೂವರ ಬಳಿ ಇರುತ್ತದೆ.

ಒಂದೇ ಕಡತವನ್ನು ಇಬ್ಬರು ಸಂಪರ್ಕವಿಲ್ಲದಾಗ ತಿದ್ದಿದರೆ ಸಿಂಕ್‌ಥಿಂಗ್ ಎರಡನ್ನೂ ಬೆಸೆಯುವುದಿಲ್ಲ. ಮೊದಲು ತಿದ್ದಿದ ಪ್ರತಿಯ ಹೆಸರಿಗೆ ‘ಸಿಂಕ್-ಕಾನ್‌ಫ್ಲಿಕ್ಟ್’ ಎಂದು ಸೇರಿಸಿ ಪಕ್ಕದಲ್ಲಿಡುತ್ತದೆ. ಪ್ರಸಂಗಕ್ಕೊಬ್ಬರಂತೆ ಕೆಲಸ ಹಂಚಿಕೊಳ್ಳುವುದೇ ಮೇಲು. ಒಬ್ಬರು ಅಳಿಸಿದ್ದು ಎಲ್ಲರಲ್ಲೂ ಅಳಿಯುವುದರಿಂದ, ಹಳೆಯ ಆವೃತ್ತಿಗಳನ್ನು ಉಳಿಸುವ ಆಯ್ಕೆಯನ್ನು ನಾಲ್ವರೂ ಮೊದಲ ದಿನವೇ ಹಾಕಿಕೊಳ್ಳಿ.

ಪಠ್ಯ ಯೂನಿಕೋಡ್‌ನಲ್ಲಿರಲಿ. ಕಡತಗಳಿಗೆ ಕನ್ನಡದಲ್ಲೇ ಹೆಸರಿಡಬಹುದು, ಆದರೆ ಚಿಕ್ಕದಾಗಿಡಿ: ಲಿನಕ್ಸ್‌ನ ಇಎಕ್ಸ್‌ಟಿ4 ಕಡತವ್ಯವಸ್ಥೆಯಲ್ಲಿ ಹೆಸರಿನ ಮಿತಿ 255 ಬೈಟ್, ಯೂನಿಕೋಡನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ ‘ಕ್ಷ’ ಒಂದೇ 9 ಬೈಟ್ ನುಂಗುತ್ತದೆ.